ಕಪಾಟಿನೊಳಗಿನ ಮೈಕು

ಯೆರವಡಾ, ಪುಣೆ
ಆಗಸ್ಟ್ ೨೧, ೨೦೨೫

ಪ್ರೀತಿಯ ಅಜ್ಜಾ,

ಆಪರೇಶನ್ ಆದ ಕಣ್ಣಿನಿಂದ ನೀರು ಬರುವುದು ನಿಂತಿತೇ? ಕಪ್ಪು ಕನ್ನಡಕ ಹಾಕಿಕೊಂಡೇ ಇದ್ದೀರೋ, ಇಲ್ಲಾ ಅತ್ತೆ ಅಡುಗೆಮನೆಗೆ ಹೋದ ಕೂಡಲೇ ತೆಗೆದಿಡುತ್ತೀರೋ? ಅಕ್ಷರ ದೊಡ್ಡದಾಗಿಯೇ ಬರೆದಿದ್ದೇನೆ, ಆದರೂ ಕಣ್ಣಿಗೆ ತ್ರಾಸು ಕೊಡದೆ ಅತ್ತೆಯಿಂದ ಓದಿಸಿಕೊಳ್ಳಿ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು ಅನ್ನಬೇಡಿ. ಫೋನಿನಲ್ಲಿ ನಿಮ್ಮ ಮಾತು ನನ್ನ ಕಿವಿಯ ಮಷೀನಿಗೆ ಗೊರಗೊರ ಎಂದಷ್ಟೇ ಕೇಳಿಸುತ್ತದೆ. ವಿಡಿಯೋ ಕಾಲ್ ಮಾಡಿದರೆ ಅತ್ತೆ ಫೋನನ್ನು ನಿಮ್ಮ ಹಣೆಗೆ ಹಿಡಿಯುತ್ತಾಳೆ. ವಿಭೂತಿ ಕಾಣುತ್ತದೆ, ತುಟಿ ಕಾಣುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ನೀವು ಒಂದು ಹೆಬ್ಬೆರಳು ಕಳಿಸಿ ಮುಗಿಸುತ್ತೀರಿ. ಈ ಸಲ ಹೆಬ್ಬೆರಳು ಸಾಲದು.

ಜೂನಿನಲ್ಲಿ ನೀವು ಓಡಾಡಿ, ಕಿವಿ ಕೇಳಿಸದ ಮಕ್ಕಳಿಗೆ ನೆರವಾಗುವ ಆ ಸಂಸ್ಥೆಯವರ ಬೆನ್ನು ಬಿದ್ದು ನಮ್ಮ ಶಾಲೆಗೆ ಕೊಡಿಸಿದ ಮೈಕಿನ ಕಥೆ ಕೇಳಿ. ಅದನ್ನು ತಂದ ದಿನ ನೀವೇ ಕೊರಳಿಗೆ ಹಾಕಿಕೊಂಡು ಮೊಗಸಾಲೆಯ ಆ ತುದಿಗೆ ಹೋಗಿ, ಬೆನ್ನು ತಿರುಗಿಸಿ ನಿಂತು “ಪೂರ್ವಾ, ಊಟ ಆತೇನವಾ?” ಅಂದಿರಿ. ತುಟಿ ನೋಡದೆ ಅಷ್ಟು ದೂರದ ಮಾತು ಮೈಕಿನಿಂದ ನೇರ ಕಿವಿಯ ಮಷೀನಿಗೇ ಬಂದು ನನಗೆ ಕೇಳಿಸಿದ್ದು ಅದೇ ಮೊದಲು. ಅದಾಗಿ ಒಂದು ವಾರ ಚೆಂದ ನಡೆಯಿತು. ನೀವು ಊರಿಗೆ ಹೋದದ್ದೇ ತಡ, ಶುರುವಾಯಿತು. ಇತಿಹಾಸದ ಶೀತಲ್ ಮ್ಯಾಡಮ್‌ಗೆ ಅದು ಮಂಗಳಸೂತ್ರಕ್ಕೆ ಸಿಕ್ಕಿಕೊಳ್ಳುತ್ತದಂತೆ. ಗಣಿತದ ಸರ್‌ಗೆ ತಮ್ಮ ದನಿಯೇ ಸಾಕಂತೆ, ಮೂರು ವರ್ಗದ ಆಚೆಗೂ ಕೇಳಿಸುತ್ತದಂತೆ. ಕೇಳಿಸುತ್ತದೆ ಅಜ್ಜಾ, ಕೂಗು ಕೇಳಿಸುತ್ತದೆ, ಮಾತು ಕೇಳಿಸಬೇಕಲ್ಲ! ಕಡೆಗೆ ಹೆಡ್ ಮ್ಯಾಡಮ್, ಇಷ್ಟು ಕಿಮ್ಮತ್ತಿನ ಸಾಮಾನು ಕಳೆದರೆ ಯಾರು ಹೊಣೆ ಎಂದು ಅದನ್ನು ತಮ್ಮ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ನಾನೇ ಜೋಪಾನ ಮಾಡುತ್ತೇನೆ, ನಾನೇ ಚಾರ್ಜ್ ಮಾಡುತ್ತೇನೆ ಎಂದು ಕೇಳಿ ನೋಡಿದೆ. ನನ್ನ ಬೆನ್ನು ಸವರಿ, ಒಂದು ಚಾಕಲೇಟು ಕೊಟ್ಟು ಕಳಿಸಿದರು. ಒಂಬತ್ತನೆಯ ಇಯತ್ತೆಯ ಹುಡುಗಿಗೆ ಚಾಕಲೇಟು!

ಹೋದ ವಾರ ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ಶಾಲೆ ನೋಡಲು ಬಂದರು. ಅವತ್ತು ಮಾತ್ರ ಮೈಕು ಹೊರಗೆ ಬಂತು. ಶೀತಲ್ ಮ್ಯಾಡಮ್ ಅದನ್ನು ಹಾಕಿಕೊಂಡು ನಗುನಗುತ್ತಾ ಪಾಠ ಶುರು ಮಾಡಿದರು. ಕಪಾಟಿನಲ್ಲಿ ಬಿದ್ದಿದ್ದ ಮೈಕಿಗೆ ಚಾರ್ಜ್ ಎಲ್ಲಿಂದ ಬರಬೇಕು? ನನ್ನ ಕಿವಿಯಲ್ಲಿ ಫ್ಯಾನಿನ ಸದ್ದು ಬಿಟ್ಟು ಏನೂ ಇಲ್ಲ. ಸಾಹೇಬರ ಎದುರಿಗೆ ಹೆಡ್ ಮ್ಯಾಡಮ್ ನನ್ನ ಮುಂದೆ ಬಾಗಿ, ಬಾಯಿ ಅಗಲವಾಗಿ ತೆರೆದು, “ಐಕೂ ಯೇತಂಯ ನಾ, ಪೂರ್ವಾ?” ಎಂದು ಕೇಳಿದರು. ಕೇಳಿಸುತ್ತಿದೆಯಲ್ಲವೇ ಅಂತ. ನಾನು ಹೌದು ಅಂದೇ ಅನ್ನುತ್ತೇನೆಂದು ಅವರು ಮೊದಲೇ ನಿರ್ಧರಿಸಿಬಿಟ್ಟಿದ್ದರು. ನಾನು “ನಾಹೀ” ಅಂದೆ. ಸಾಹೇಬರು ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ “ನಾಹೀ” ಅಂದೆ.

ಮರುದಿನ ಅಪ್ಪನನ್ನು ಕರೆಸಿದರು. ಶಾಲೆಯ ಮರ್ಯಾದೆ ತೆಗೆದೆನಂತೆ, ನನ್ನಂಥವರಿಗೆ ಬೇರೆ ಶಾಲೆಗಳೇ ಇವೆಯಂತೆ. ಆ ಶಾಲೆಗಳ ಮೇಲೆ ನನಗೇನೂ ಸಿಟ್ಟಿಲ್ಲ. ಅಲ್ಲಿ ಕೈಸನ್ನೆಯಲ್ಲಿ ಕಲಿಯುವವರು ಖುಷಿಯಾಗಿದ್ದಾರೆ. ಆದರೆ ಶಿಕ್ಷೆ ಅಂತ ಯಾಕೆ ಹೋಗಬೇಕು? ನಿಮ್ಮ ಮಗ ಏನು ಮಾಡಿದರು ಗೊತ್ತೇ? ಕೈ ಜೋಡಿಸಿ “ಮಾಫ್ ಕರಾ ಮ್ಯಾಡಮ್” ಅಂದರು. ತುಟಿ ಓದಲು ಬರದಿದ್ದರೆ ಚೆನ್ನಾಗಿತ್ತು ಅಂತ ನನಗೆ ಅನಿಸಿದ್ದು ಅವತ್ತು. ಮನೆಗೆ ಬಂದು, “ಹೌದ್ ಅಂದಿದ್ರ ನಿನ್ನ ಗಂಟೇನ್ ಹೋಗ್ತಿತ್ತು?” ಎಂದು ನನ್ನ ಮೇಲೆ ಹರಿಹಾಯ್ದರು. ಅವ್ವ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು, “ಕೇಳಿಸದಿದ್ರೂ ಕೇಳಿಸ್ತದ ಅಂತ ಹೆಂಗ್ ಅನಬೇಕ್ರಿ ಅಕಿ?” ಅಂದಳು. ಆಮೇಲೆ ಇಬ್ಬರೂ ಒಂದೇ ಸಲಕ್ಕೆ ಮಾತಾಡತೊಡಗಿದರು, ನನಗೆ ಯಾರದೂ ತಿಳಿಯಲಿಲ್ಲ.

ಮರುದಿನದಿಂದ ನಾನು ವರ್ಗದಲ್ಲಿ ಪೆನ್ನು ಮುಚ್ಚಿಟ್ಟು ಕೂತೆ. ಇಷ್ಟು ದಿನ ಪಕ್ಕದವಳ ವಹಿ ನೋಡಿ ಬರೆದುಕೊಂಡು, ತಿಳಿದವಳ ಹಾಗೆ ತಲೆ ಆಡಿಸುತ್ತಿದ್ದೆ. ಅದೂ ಬೇಡ ಅನಿಸಿತು. ಶೀತಲ್ ಮ್ಯಾಡಮ್ ಬಂದು ಯಾಕೆ ಬರೆಯುತ್ತಿಲ್ಲ ಎಂದು ಗದರಿದರು. ನೀವು ಬೋರ್ಡಿನ ಕಡೆ ತಿರುಗಿದ ಮೇಲೆ ನನಗೆ ಒಂದೂ ಕೇಳಿಸಿಲ್ಲ ಅಂದೆ. ಹಾಗಾದರೆ ಇಷ್ಟು ದಿನ ತಲೆ ಆಡಿಸುತ್ತಿದ್ದೆಯಲ್ಲ ಅಂದರು. ಆಡಿಸದಿದ್ದರೆ ನೀವು ಕೂಗುತ್ತೀರಿ, ಇಡೀ ವರ್ಗ ನನ್ನನ್ನು ತಿರುಗಿ ನೋಡುತ್ತದೆ ಅಂದೆ. ಮ್ಯಾಡಮ್ ಸೀರೆ ಎತ್ತಿ ಹಿಡಿದು ದಡದಡ ಮೆಟ್ಟಿಲಿಳಿದು ಹೋದರು. ಕೆಳಗೆ ಏನು ಜಗಳ ಆಯಿತೋ ಗೊತ್ತಿಲ್ಲ, ಮೈಕು ಮತ್ತು ಚಾರ್ಜರ್ ಎರಡನ್ನೂ ಹಿಡಿದುಕೊಂಡು ಬಂದರು, ಮುಖ ಕೆಂಪಾಗಿತ್ತು. ಮರುದಿನ ಅದನ್ನು ಸೆರಗಿಗೆ ಪಿನ್ನು ಮಾಡಿಕೊಂಡು ಪಾಠ ಮಾಡಿದರು. ಅಜ್ಜಾ, ದಂಡಿಯ ಉಪ್ಪಿನ ಸತ್ಯಾಗ್ರಹವನ್ನು ನಾನು ಮೊದಲಿನಿಂದ ಕಡೆಯವರೆಗೆ ಕೇಳಿದೆ. ನಡುವೆ ಅವರು ಕೆಮ್ಮಿದ್ದೂ ಕೇಳಿಸಿತು. ಗಣಿತದ ಸರ್ ಮಾತ್ರ ಇನ್ನೂ ಮುಟ್ಟುತ್ತಿಲ್ಲ. ಅವರ ತಾಸಿನಲ್ಲಿ ನನ್ನ ಪೆನ್ನು ಇನ್ನೂ ಮುಚ್ಚಿಯೇ ಇದೆ.

ಅವ್ವ ನಿಮಗೆ ಶೇಂಗಾ ಹೋಳಿಗೆ ಕಳಿಸುತ್ತಾಳೆ, ಸಕ್ಕರೆ ಕಾಯಿಲೆ ಇದೆ ಎಂಬುದನ್ನು ಅತ್ತೆ ನೆನಪಿಸದಿದ್ದರೆ ತಿನ್ನಿ. ಅತ್ತೆಗೆ ನನ್ನ ನಮಸ್ಕಾರ ಹೇಳಿ. ನಿಮ್ಮ ಪಾದಕ್ಕೆ ಇಲ್ಲಿಂದಲೇ ಹಣೆ ಮುಟ್ಟಿಸಿದ್ದೇನೆ.

ನಿಮ್ಮ ಮೊಮ್ಮಗಳು,
ಪೂರ್ವಾ

ತಾ.ಕ.: ಕವರು ಅಂಟಿಸುವ ಮೊದಲು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನನ್ನನ್ನು ಈ ಶಾಲೆಯಲ್ಲಿ ಇಟ್ಟುಕೊಳ್ಳುವುದೋ ಬೇಡವೋ ಎಂದು ಮಾತಾಡಲು ಮುಂದಿನ ತಿಂಗಳ ಮೊದಲ ಶನಿವಾರ ಹೆಡ್ ಮ್ಯಾಡಮ್ ಸಭೆ ಕರೆದಿದ್ದಾರೆ. ನೀವೇ ಬಂದು ಮಾತಾಡಬೇಕು ಎಂದು ಸಭೆ ಹತ್ತಿರವಾದಾಗ ಅಪ್ಪ ಫೋನ್ ಮಾಡುತ್ತಾರೆ. ಬರಬೇಡಿ ಅಜ್ಜಾ. ಬಸ್ಸು ಸಿಗಲಿಲ್ಲ ಅನ್ನಿ, ಏನಾದರೂ ಅನ್ನಿ. ನೀವು ಬಂದರೆ ಎಲ್ಲರೂ ನಿಮ್ಮ ಮುಖ ನೋಡಿ ಮಾತಾಡುತ್ತಾರೆ, ನಾನು ನಡುವೆ ಕೂತು ಒಬ್ಬೊಬ್ಬರ ತುಟಿ ಹುಡುಕುತ್ತಿರಬೇಕು. ಆ ದಿನ ಹಾಕಿಕೊಂಡು ಮಾತಾಡಿ ಎಂದು ಮೈಕನ್ನು ಹೆಡ್ ಮ್ಯಾಡಮ್ ಕೈಗೆ ನಾನೇ ಕೊಡುತ್ತೇನೆ, ಅವರು ಕೇಳಿದ್ದಕ್ಕೆ ನಾನೇ ಉತ್ತರ ಹೇಳುತ್ತೇನೆ. ಅಪ್ಪನಿಗೆ ಇಷ್ಟು ಮಾತ್ರ ಹೇಳಿ: ನನ್ನ ಪಕ್ಕದಲ್ಲಿ ಕೂಡಲಿ, ಕೈ ಮಾತ್ರ ಜೋಡಿಸದಿರಲಿ.