ಕ್ಯಾಪ್ಟನ್ ಅಣ್ಣನ ದೋಣಿ

ಉಜ್ವಲಣ್ಣ,

ನೀನು ಏಳುವ ಮುಂಚೆ ಸದ್ದು ಮಾಡದೆ, ನೀನು ಮಲ್ಪೆಯಿಂದ ಕೊಂಡು ತಂದ ಹಳೇ ದೋಣಿಯ ಅಲ್ಯೂಮಿನಿಯಂ ಕಂಬಿಗಳನ್ನು ಉಜ್ಜಿದೆ. ಅಲ್ಲಿನ ಸಮುದ್ರದ ಉಪ್ಪು ತಿಂದು ಬೆಳ್ಳಗೆ ಬೂಷ್ಟು ಹಿಡಿದಂತಿದ್ದವು, ಈಗ ಹೊಳೆಯುತ್ತಿವೆ. ನಿನ್ನೆ ನೀನು ದೇವರ ದೀಪ ಬೆಳಗುವ ಹಾಗೆ ತೆಂಗಿನ ಮಟ್ಟೆಯ ಬೂದಿ ಹಾಕಿ ತಿಕ್ಕಿದ ತುದಿ ಮಾತ್ರ ಕಪ್ಪಾಗಿಯೇ ಉಳಿದಿದೆ. ಅಲ್ಲಿಗೆ ಹೂವಿನ ಹಾರ ಸುತ್ತು, ಕ್ಯಾಪ್ಟನ್ನರ ಮರ್ಯಾದೆ ಉಳಿಯುತ್ತದೆ.

ನಾನು ಕೊಬ್ಬರಿ ಒಡೆಯಲು ಹೊರಟೆ. ಕಂಬಿಗಳ ಕೊಂಡಿಗಳು ಉಳಿದಿವೆ, ಅವನ್ನು ನನ್ನ ಹಾಗೆ ಹುಣಸೆ ನೀರಿನಲ್ಲಿ ಒರೆಸಿ, ಬೋರಿನ ನೀರಲ್ಲಿ ತೊಳೆ. ಉಪ್ಪು ಸೇರಿಸಬೇಡ, ಸಮುದ್ರ ಹಾಕಿದ್ದೇ ಸಾಕು.

ಸಂಜೆ ದೋಣಿ ಕೆರೆಗಿಳಿಯುವಾಗ ಕೂರಲು ಊರಿನ ದೊಡ್ಡವರನ್ನೆಲ್ಲ ಕರೆದಿದ್ದೀಯ. ನನಗೆ, "ನೀನ್ಯಾಕೆ ಕಣೇ, ದಡದಲ್ಲಿ ನಿಂತ್ಕಂಡು ಫೋಟೊ ತೆಗಿ ಬುಡು" ಅಂದೆ. ಅದಕ್ಕೇ ಈ ಚೀಟಿಯಲ್ಲಿ ಕೇಳುತ್ತಿದ್ದೇನೆ.

ಮೊದಲ ಸುತ್ತಿಗೆ ನನ್ನನ್ನೂ ಕೂರಿಸಿಕೊಳ್ಳುತ್ತೀಯಾ?

ಜೀವಿತಾ