ಹಾಜರಿಯಲ್ಲಿ ಕರೆಯದ ಹೆಸರು

ಇಳಕಲ್
೩೦ ಜೂನ್ ೨೦೨೪, ರವಿವಾರ

ಆರಿಫಾಳ ಅಬ್ಬಾ ಅವರಿಗೆ ಜೈನಬಿಯ ಸಲಾಮು.

ಹೇಗಿದ್ದೀರಿ? ಮಡಗಾಂವದಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ ಎನ್ನುತ್ತಾರೆ. ಗ್ರಾನೈಟ್ ಕೊಯ್ಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರೋ, ಇಲ್ಲಾ ನಾನು ಹೇಳಿದ್ದನ್ನು ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಹೋದಿರೋ? ಬಕ್ರೀದಿಗೆ ಬಂದಾಗ ಇದ್ದ ಕೆಮ್ಮು ಈಗ ಹೇಗಿದೆ, ಬರೆಯಿರಿ. ಇಲ್ಲಿ ನಿಮ್ಮ ಅಮ್ಮ ಆರಾಮ ಇದ್ದಾರೆ. ಮೊಣಕಾಲು ನೋವು ಎನ್ನುತ್ತಲೇ ಓಣಿಯ ಎಲ್ಲ ಮನೆ ಸುತ್ತಿ ಬರುತ್ತಾರೆ.

ಫೋನ್ ಇರುವಾಗ ಇದೇನು ಕಾಗದ ಎಂದು ನಗಬೇಡಿ. ಫೋನಿನಲ್ಲಾದರೆ ನಾನು ಒಂದು ಮಾತು ಮುಗಿಸುವುದರೊಳಗೆ ನೀವು ನಾಲ್ಕು ಆಡಿರುತ್ತೀರಿ. ಇನ್ನೊಂದು ಕಾರಣವೂ ಇದೆ, ಅದು ಕೊನೆಗೆ. ಮನೆಯಲ್ಲಿ ಉರ್ದು ಆಡಿದರೂ ನಾವಿಬ್ಬರೂ ಕನ್ನಡ ಶಾಲೆಯ ಮಕ್ಕಳು; ನಿಮಗಿಂತ ನನ್ನ ಅಕ್ಷರ ದುಂಡು ಎಂದು ಗುರುಗಳು ಹೇಳುತ್ತಿದ್ದದ್ದು ಮರೆತಿಲ್ಲ ತಾನೆ? ಹಾಗಾದರೆ ಓದಲು ತ್ರಾಸಾಗದು.

ಸುದ್ದಿ ಆರಿಫಾಳದು. ನೀವು ಮಡಗಾಂವಕ್ಕೆ ಹೋದ ಮೇಲಿನ ಸೋಮವಾರ ಶಾಲೆಯಿಂದ ಬಂದವಳು ಚೀಲ ಮೂಲೆಗಿಟ್ಟು ಸುಮ್ಮನೆ ಕೂತಳು. ಮಂಗಳವಾರವೂ ಹಾಗೆಯೇ. ಬುಧವಾರ ನಾನು ಮಗ್ಗದಿಂದ ಎದ್ದು ಎದುರಿಗೆ ಕೂತು ಕೇಳಿದಾಗ ಬಾಯಿ ಬಿಟ್ಟಳು. "ಅಮ್ಮೀ, ಹಾಜರಿ ಒಳಗ ಸರ್ ನನ್ನ ಹೆಸರು ಕರೀವಲ್ರು. ಮೊದಲನೇ ದಿನ ನನಗs ಕೇಳಿಸಲಿಲ್ಲ ಅಂತ ತಿಳಕೊಂಡೆ. ಆಮ್ಯಾಲೆ ಎರಡು ದಿನ ಅವರ ತುಟಿ ಬಿಟ್ಟು ಬ್ಯಾರೆ ಕಡೆ ನೋಡಲೇ ಇಲ್ಲ. ಅವರ ತುಟಿ ನನ್ನ ಹೆಸರು ಹೇಳಲೇ ಇಲ್ಲ." ಏಳನೆಯ ಇಯತ್ತೆಯ ಮಗು ಮೂರು ದಿನ ತನ್ನ ಕಿವಿಯನ್ನೇ ಬೈದುಕೊಂಡಿದೆ.

ಸೆರಗು ಸರಿಮಾಡಿಕೊಂಡು ಶಾಲೆಗೆ ಓಡಿದೆ. ದೊಡ್ಡ ಗುರುಗಳು ಕೆಟ್ಟವರೆಂದು ನಾನು ಹೇಳಲಾರೆ. ಕುರ್ಚಿ ಕೊಟ್ಟರು, ಚಹಾ ತರಿಸಿದರು. "ನೋಡ್ರಿ ಜೈನಬಿ, ಕಿವಿ ಕೇಳದ ಹುಡುಗಿ ಇಲ್ಲಿ ಕುಂತು ಏನ್ ಕಲೀತಾಳ? ಅಂಥಾ ಮಕ್ಕಳ ಸಾಲಿ ಬ್ಯಾರೆ ಊರಾಗ ಐತಿ, ಅಲ್ಲೇ ಇಟ್ಟು ಕಲಸ್ತಾರ. ಹೆಸರು ನಾವಾಗಿ ತೆಗದಿಲ್ರಿ, ಸಾಲಿ ಬಿಡಿಸೂ ಅರ್ಜಿ ನಿಮ್ಮ ಮನಿಯಿಂದಲೇ ಬಂದೈತಿ" ಎಂದರು. ನಾನು ನಂಬಲಿಲ್ಲ. ಸಿಟ್ಟಿಗೆ ಚಹಾ ಮುಟ್ಟದೆ ಬಂದೆ. ಅಷ್ಟು ಮೃದುವಾಗಿ ಮಾತಾಡುವವರ ಮೇಲೆ ಸಿಟ್ಟು ಮಾಡುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು.

ತಪ್ಪು ನಮ್ಮದೂ ಇದೆ, ಸುಳ್ಳು ಯಾಕೆ ಹೇಳಲಿ. ಮಗ್ಗದ ಮನೆಯಲ್ಲಿ ಯಾರು ಯಾರ ಮಾತನ್ನು ಕಿವಿಯಿಂದ ಕೇಳುತ್ತಾರೆ? ಲಾಳಿ ಓಡುತ್ತಿದ್ದರೆ ನಿಮ್ಮ ಅಮ್ಮ ನೀರು ಕೇಳಿದರೂ ಬಾಯಿ ನೋಡಿಯೇ ತಿಳಿಯಬೇಕು, ಊಟಕ್ಕೆ ಕರೆದರೆ ಕೈಸನ್ನೆ. ಕೂಗಿ ಕರೆದರೆ ಕೂಸು ತಿರುಗುತ್ತಿರಲಿಲ್ಲ, ಆ ಸದ್ದಿನಲ್ಲಿ ನಾವೂ ತಿರುಗುತ್ತಿರಲಿಲ್ಲವಲ್ಲ! ಮುಖ ನೋಡಿ ಎಲ್ಲ ತಿಳಿದುಕೊಳ್ಳುತ್ತಾಳೆ, ಎಷ್ಟು ಚುರುಕು ಎಂದು ನಾವೇ ಹೆಮ್ಮೆಪಟ್ಟೆವು. ಹೋದ ವರ್ಷ ದವಾಖಾನೆಯಲ್ಲಿ ಹೇಳುವವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಅವಳ ಕಿವಿ ಮಂದವೆಂದು ಗೊತ್ತಾಗಲಿಲ್ಲ. ಆರನೆಯವರೆಗೆ ಕಲಿಸಿದ ಸಂಗವ್ವ ಟೀಚರ್ ಮಕ್ಕಳ ಮುಖ ನೋಡಿಯೇ ಪಾಠ ಹೇಳುತ್ತಿದ್ದರು, ಹಾಗಾಗಿ ನಡೆಯಿತು. ಈ ವರ್ಷದ ಸರ್ ಬೋರ್ಡಿಗೆ ಪಾಠ ಹೇಳುತ್ತಾರೆ, ಬೆನ್ನು ಮಕ್ಕಳ ಕಡೆಗೆ. ಬೆನ್ನಿಗೆ ತುಟಿ ಇರುತ್ತದೆಯೇ?

ಪಕ್ಕದ ಮನೆಯ ಜೋಹರಾ ಶಾಲೆಯ ಕಮಿಟಿಯಲ್ಲಿದ್ದಾಳೆ. "ಇಲ್ಲೇ ಅಳಕೋತ ಕುಂತ್ರ ಏನೂ ಆಗೂದಿಲ್ಲ, ಹುನಗುಂದಕ್ಕ ನಡಿ" ಎಂದಳು. ಗುರುವಾರ ಆರಿಫಾಳನ್ನೂ ಕರೆದುಕೊಂಡು ಬಸ್ ಹತ್ತಿದೆವು. ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ನಾಗರತ್ನಾ ಎಂಬ ಮೇಡಂ ಇದ್ದರು. ಮಧ್ಯಾಹ್ನದವರೆಗೆ ಕಾಯಿಸಿದರು, ಆದರೆ ಕೂರಿಸಿ ಪೂರ್ತಿ ಕೇಳಿದರು. ಜಾತಿ, ಧರ್ಮ, ಕಿವಿ, ಕಣ್ಣು, ಯಾವುದರ ಹೆಸರಿನಲ್ಲೂ ಸರ್ಕಾರಿ ಶಾಲೆ ಮಗುವನ್ನು ಹೊರಗಿಡುವಂತಿಲ್ಲ, ಅದಕ್ಕೆ ಕಾಯ್ದೆ ಇದೆ, ನಮ್ಮ ರಾಜ್ಯದ ನಿಯಮಗಳೂ ಇವೆ ಎಂದು ಒಂದೊಂದಾಗಿ ಬಿಡಿಸಿ ಹೇಳಿದರು. ಕೇಳದ ಮಗುವಿಗೆ ಬೇಕಾದ ಅನುಕೂಲವನ್ನು ಶಾಲೆಯೇ ಮಾಡಬೇಕಂತೆ. ನನಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ಇಷ್ಟು ದಿನ ಗುರುಗಳು ಅವಳನ್ನು ಕೂರಿಸಿಕೊಂಡದ್ದೇ ಉಪಕಾರ ಎಂದು ನಾನು ಕೈಮುಗಿಯುತ್ತಿದ್ದೆ. ನಮ್ಮ ಹಕ್ಕಾಗಿದ್ದದ್ದಕ್ಕೆ ಕೈಮುಗಿಯುತ್ತ ಬಂದವಳು ನಾನು.

ಮೇಡಂ ನಮ್ಮ ಎದುರಿಗೇ ಶಾಲೆಗೆ ಫೋನ್ ಮಾಡಿ ಅರ್ಜಿಯ ಫೋಟೊ ತರಿಸಿಕೊಂಡರು. ನನಗೂ ತೋರಿಸಿದರು. ಆಮೇಲೆ ಆರಿಫಾಳ ಕಡೆ ತಿರುಗಿ, ಬೆಳಕಿಗೆ ಮುಖ ಮಾಡಿ, "ನಿನಗ ಏನ್ ಬೇಕವ್ವಾ?" ಎಂದು ನಿಧಾನವಾಗಿ ಕೇಳಿದರು. ಇವಳು ಏನು ಹೇಳಿದಳು ಗೊತ್ತೇ? "ಸರ್ ಬರೆಯೂದು ಮುಗಿದ ಮ್ಯಾಲೆ ತಿರುಗಿ ಮಾತಾಡ್ಲಿ. ಅಷ್ಟs ಸಾಕು." ಇಷ್ಟೇ ಸಾಕಿದ್ದ ಮಗುವನ್ನು ಬೇರೆ ಊರಿಗೆ ಕಳಿಸಲು ಹೊರಟಿದ್ದರಲ್ಲ!

ಶುಕ್ರವಾರ ಅವಳನ್ನು ಮೊದಲ ಬೆಂಚಿನಲ್ಲಿ ಕೂರಿಸಿದರು. ಹೆಸರು ಕರೆದರಂತೆ. ಮನೆಗೆ ಬಂದು ಸರ್ ಹೇಗೆ ಕರೆದರು ಎಂದು ತುಟಿ ಆಡಿಸಿ ಮೂರು ಸಲ ತೋರಿಸಿದಳು, ನಿಮ್ಮ ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆದರೆ ಇದು ಸದ್ಯಕ್ಕೆ ಮಾತ್ರ. ಅರ್ಜಿ ಹಿಂದಕ್ಕೆ ಪಡೆದೆವು ಎಂಬ ಕಾಗದ ಹದಿನೈದು ದಿನದೊಳಗೆ ಕೊಡಬೇಕೆಂದು ಮೇಡಂ ಹೇಳಿದ್ದಾರೆ.

ಕಪ್ಪು ಸೀರೆಯ ಸೆರಗು ಇನ್ನೊಂದು ಗೇಣು ಉಳಿದಿದೆ, ಮೊಹರಮ್ಮಿನೊಳಗೆ ಮಗ್ಗದಿಂದ ಇಳಿಸುತ್ತೇನೆ. ವೇಳೆಗೆ ಉಣ್ಣಿರಿ. ಅಮ್ಮ ನಿಮಗೆ ದುವಾ ಹೇಳಿದ್ದಾರೆ, ಆರಿಫಾ ಸಲಾಮು ಹೇಳಿದ್ದಾಳೆ. ಅಲ್ಲಾಹ್ ನಿಮ್ಮನ್ನು ಸುಖವಾಗಿ ಇಡಲಿ.

ನಿಮ್ಮ
ಜೈನಬಿ

ತಾ.ಕ.: ಅರ್ಜಿಯ ಕೆಳಗೆ ಇದ್ದದ್ದು ನಿಮ್ಮ ಸಹಿ. ಹೋಗುವ ಹಿಂದಿನ ದಿನ ಶಾಲೆಯ ಕಡೆ ಹೋಗಿ ಬರುತ್ತೇನೆ ಎಂದಿದ್ದಿರಲ್ಲ, ಅದೇ ತಾರೀಖು. ಓದಿ ಮಾಡಿದಿರೋ, ಗುರುಗಳ ಮುಂದೆ ಕಾಗದ ಓದುತ್ತ ಕೂತರೆ ಬೇಅದಬಿ, ಮರ್ಯಾದೆಯಲ್ಲ ಎಂದು ಓದದೇ ಮಾಡಿದಿರೋ, ನಾನು ಕೇಳುವುದಿಲ್ಲ. ಆದರೆ ಸಹಿ ಮಾಡಿದವರೇ ಬಂದು ಹಿಂದಕ್ಕೆ ಪಡೆಯಬೇಕಂತೆ. ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದರೆ, ಆ ಮೂಲೆಯಲ್ಲಿ ಕೂತೇ ಆರಿಫಾ ನನ್ನ ತುಟಿ ಓದುತ್ತಾಳೆ. ಅರ್ಜಿ ಯಾರು ಕೊಟ್ಟರು ಎಂದು ದಿನಾ ಕೇಳುತ್ತಾಳೆ, ನಾನು ಬಾಯಿಗೆ ಸೆರಗು ಅಡ್ಡ ಹಿಡಿಯುತ್ತೇನೆ. ಬೇಗ ಬನ್ನಿ. ಅವಳಿಗೆ ನೀವೇ ಹೇಳಿ. ಹೇಳುವಾಗ ಮುಖ ಅವಳ ಕಡೆಗೆ ಇರಲಿ.