ಕಾರಂಜಿಯ ಬದಲು ಸಿಗ್ನಲ್

ನಗರಸಭೆಯ ಇಂಜಿನಿಯರ್ ಸಾಹೇಬರಿಗೆ,
ಮಾರ್ಕೆಟ್ ವೃತ್ತದ ಟೈಲರ್ ಅಂಗಡಿಯವಳ ನಮಸ್ಕಾರಗಳು.

ವಾರ್ಡ್ ಸಭೆಯಲ್ಲಿ ಎಲ್ಲರೂ ವೃತ್ತಕ್ಕೆ ಕಾರಂಜಿ ಬೇಕೆಂದು ಕೈಯೆತ್ತಿದಾಗ ನಮ್ಮ ಅತ್ತೆ ಎದ್ದು ನಿಂತು, "ಕಾರಂಜಿ ಚೆನ್ನಾಗೇ ಇರುತ್ತೆ ಸ್ವಾಮಿ, ಆದ್ರೆ ಅದನ್ನ ನೋಡೋಕೆ ನಾವು ಜೀವಂತವಾಗಿ ರಸ್ತೆ ದಾಟ್ಬೇಕಲ್ಲ?" ಎಂದಿದ್ದು ನಿಮಗೆ ನೆನಪಿರಬಹುದು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ನೀವು ನಗಲಿಲ್ಲ. ಮರುದಿನ ಅಂಗಡಿಗೆ ಬಂದು, "ಬನ್ನಿ ಅಜ್ಜಿ, ಹೇಗೆ ದಾಟ್ತೀರಿ ತೋರಿಸಿ" ಎಂದು ಅವರ ಜೊತೆ ರಸ್ತೆಗಿಳಿದಿರಿ. ಆಚೆ ಬದಿ ಸೇರುವಷ್ಟರಲ್ಲಿ ನಿಮ್ಮ ಮುಖವೆಲ್ಲ ಬೆವೆತಿತ್ತು.

ಕಾರಂಜಿಯ ಬದಲು ಸಿಗ್ನಲ್ ಬಂತು. ನನ್ನ ಯಜಮಾನರು ಹೋದ ಮೇಲೆ ಆ ರಸ್ತೆ ಎಂದರೆ ನಡುಗುತ್ತಿದ್ದ ಮಗಳು ಈಗ ಒಬ್ಬಳೇ ಶಾಲೆಗೆ ಹೋಗಿ ಬರುತ್ತಾಳೆ. ನಿಮ್ಮ ಉಪಕಾರ ಮರೆಯುವಂಥದ್ದಲ್ಲ. ನಿಮ್ಮ ಅಂಗಿಯ ಕಾಲರ್ ಸವೆದಿದ್ದನ್ನು ಅಂದೇ ನೋಡಿದೆ. ತಂದುಕೊಡಿ, ತಿರುಗಿಸಿ ಹೊಲಿದುಕೊಡುತ್ತೇನೆ.

ಒಂದೇ ಒಂದು ಕೋರಿಕೆ. ನಡೆಯುವವರ ಹಸಿರು ದೀಪ ಇನ್ನೊಂದಿಷ್ಟು ಹೊತ್ತು ಇರುವಂತೆ ಮಾಡಿಸಿ. ಅತ್ತೆ ನಡುರಸ್ತೆಯಲ್ಲಿ ತುಸು ನಿಲ್ಲುತ್ತಾರೆ. ಅವರ ಮಗ ಬಿದ್ದದ್ದು ಅಲ್ಲೇ. "ಬೇಗ ಬನ್ನಿ" ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇಂತಿ,
ಟೈಲರಮ್ಮ